ಸುರುಳಿ ಬಾಗಿಲಿನ ಮೇಜುಗಳನ್ನು ಗುಜರಿಗೆ ಹಾಕದಿರಿ

ಮಾನ್ಯರೇ,

ಮುಂಬೈಯ ಮಾಟುಂಗಾದ ಹಳೆಯ ಕಟ್ಟಡಗಳು ಮರುನಿರ್ಮಾಣಕ್ಕೆ ತೆರವಾಗುತ್ತಿರುವ ಈ ದಿನಗಳಲ್ಲಿ, ನಮ್ಮ ಹಿರಿಯರು ಬಳಸಿದ ತೇಗದ ಸುರುಳಿ ಬಾಗಿಲಿನ ಮೇಜು, ಕಪಾಟುಗಳು, ಬಾಗಿಲು ಸರಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಗುಜರಿಯ ಬೆಲೆಗೆ ಚೋರ್ ಬಜಾರ್, ಓಶಿವರಾಗಳ ಹಳೆಯ ಸಾಮಾನಿನ ಅಂಗಡಿಗಳ ಪಾಲಾಗುವುದನ್ನು ಕಂಡು ಸಂಕಟವಾಗುತ್ತದೆ.

ತೆಳುವಾದ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ, ಹಿಂಬದಿಗೆ ಕ್ಯಾನ್ವಾಸ್ ಬಟ್ಟೆ ಅಂಟಿಸಿ, ಪಟ್ಟಿಗಳ ತುದಿಗಳು ಚೌಕಟ್ಟಿನೊಳಗಿನ ಬಾಗಿದ ಕೊರಕಲಿನಲ್ಲಿ ಜಾರುವಂತೆ ಮಾಡಿರುವುದೇ ಈ ಬಾಗಿಲಿನ ರಚನೆ. ಅಮೆರಿಕದಲ್ಲಿ 1882ರಲ್ಲಿ ಪೇಟೆಂಟ್ ಪಡೆದ ರೋಲ್‌ಟಾಪ್ (ಸುರುಳಿ ಮುಚ್ಚಳದ) ಮೇಜಿನದೂ ಇದೇ ತತ್ವ. ಮುಂಬೈಯ ಮಳೆಗಾಲದ ತೇವಕ್ಕೆ ಪಟ್ಟಿಗಳು ಉಬ್ಬುತ್ತವೆ, ಬಟ್ಟೆ ಜೀರ್ಣವಾಗುತ್ತದೆ, ಪ್ರಾಣಿಜನ್ಯ ಹಳೆಯ ಅಂಟು ಸಡಿಲಗೊಳ್ಳುತ್ತದೆ. ಮರ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಮೇಜಿನ ಹಿಂಬದಿಯ ಹಲಗೆ ಬಿಚ್ಚಿ, ಬಟ್ಟೆಗೆ ಅಂಟಿದ ಪಟ್ಟಿಗಳ ಈ ಪರದೆಯನ್ನು ಹೊರಗೆಳೆದು, ಬಿಸಿನೀರಿನ ಒದ್ದೆಬಟ್ಟೆಯಿಂದ ಅಂಟನ್ನು ಮೆದುಗೊಳಿಸಿ ಕೆರೆದು, ಹೊಸ ಕ್ಯಾನ್ವಾಸ್ ಅಂಟಿಸಬಹುದು. ಕೊರಕಲಿಗೆ ಎಣ್ಣೆ ಹಾಕಿದರೆ ಧೂಳು ಕೂರುತ್ತದೆ. ಮೇಣದಬತ್ತಿ ಉಜ್ಜಿದರೆ ಸಾಕು.

ನನ್ನ ತಂದೆಯವರ ಮೇಜನ್ನು ದುರಸ್ತಿಗೆ ಕೊಟ್ಟಾಗ, ಬಡಗಿಯೊಬ್ಬರು ಆ ಪರದೆಯನ್ನೇ ಎಸೆದು ಪ್ಲೈವುಡ್ ಹಲಗೆ ಹೊಡೆದುಕೊಟ್ಟರು. ಆ ಪಟ್ಟಿಗಳು ಮರಳಿ ಸಿಗಲಿಲ್ಲ. ನಗರದ ಕನ್ನಡ ಸಂಘಗಳು ಈ ಕೆಲಸ ಬಲ್ಲ ಬಡಗಿಗಳ ವಿಳಾಸಗಳನ್ನು ಸಂಗ್ರಹಿಸಿ ಸದಸ್ಯರಿಗೆ ಒದಗಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಮಾಟುಂಗಾ, ಮುಂಬೈ