ಮೈತ್ರಿ ಬಿರುಕು ಬಿಟ್ಟದ್ದು ಯುದ್ಧ ಮುಗಿದ ಮೇಲಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡನೆಯ ಮಹಾಯುದ್ಧವನ್ನು ನೆನೆಯುವ ದಿನಗಳು ಬಂದಾಗಲೆಲ್ಲ ನಮ್ಮ ಪತ್ರಿಕೆಗಳ ಲೇಖನಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಹಿಟ್ಲರನ ಜರ್ಮನಿಯನ್ನು ಒಟ್ಟಾಗಿ ಸೋಲಿಸಿದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಯುದ್ಧ ಮುಗಿದ ಕೂಡಲೇ ವೈರಿಗಳಾದವು ಎಂಬುದೇ ಆ ಮಾತು. ತಪ್ಪು ಅಮೆರಿಕದ ಅಧ್ಯಕ್ಷ ಟ್ರೂಮನ್ನನದು ಎಂದು ಕೆಲವರು, ಸೋವಿಯತ್ ನಾಯಕ ಸ್ಟಾಲಿನ್ನನದು ಎಂದು ಕೆಲವರು ವಾದಿಸುತ್ತಾರೆ. ಶಾಲಾ ಕಾಲೇಜುಗಳ ಟಿಪ್ಪಣಿಗಳಂತೂ ಬಂಡವಾಳಶಾಹಿಗೂ ಕಮ್ಯುನಿಸಂಗೂ ಹೊಂದಾಣಿಕೆಯಾಗಲಿಲ್ಲ ಎಂಬ ಒಂದೇ ಸಾಲಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತವೆ. ವಿಜಯಪುರದಲ್ಲಿ ಹಲವು ವರ್ಷ ಪದವಿಪೂರ್ವ ತರಗತಿಗಳಿಗೆ ಇತಿಹಾಸ ಪಾಠ ಹೇಳಿದವನಾಗಿ, ಈ ವಿವರಣೆಯಿಂದ ನಮ್ಮ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ನಾನು ನಂಬಿದ್ದೇನೆ. ಆ ಮೈತ್ರಿಯೊಳಗಿನ ಬಿರುಕು ಯುದ್ಧದ ನಡುವೆಯೇ ತೆರೆದುಕೊಂಡಿತ್ತು. ಯುದ್ಧಾನಂತರದ ಯುರೋಪಿನ ಗಡಿಗಳನ್ನು ಕೂಡ ಯುದ್ಧ ನಡೆಯುತ್ತಿರುವಾಗಲೇ, ಯಾವ ಸೇನೆ ಎಲ್ಲಿಯವರೆಗೆ ಬಂದು ನಿಂತಿತೋ ಅದರ ಮೇಲೆ ಗೆರೆ ಎಳೆದಂತೆ ಗೊತ್ತುಮಾಡಲಾಯಿತು.

ಈ ಮೈತ್ರಿ ಹುಟ್ಟಿದ್ದು ಸ್ನೇಹದಿಂದಲ್ಲ, ಜರ್ಮನಿಯ ದಾಳಿಯಿಂದ. ರಷ್ಯಾದ ಕ್ರಾಂತಿಯ ಬೆನ್ನಿಗೆ ಬ್ರಿಟನ್, ಫ್ರಾನ್ಸ್, ಅಮೆರಿಕ, ಜಪಾನ್ ಮೊದಲಾದ ದೇಶಗಳು ಅಲ್ಲಿನ ಅಂತರ್ಯುದ್ಧದಲ್ಲಿ ಕ್ರಾಂತಿ ನಡೆಸಿದ ಬೋಲ್ಶೆವಿಕರ ವಿರೋಧಿಗಳ ಪರವಾಗಿ ಸೈನ್ಯ ಇಳಿಸಿದ್ದವು. ಅಮೆರಿಕ ಸೋವಿಯತ್ ಸರಕಾರಕ್ಕೆ ಮಾನ್ಯತೆ ಕೊಟ್ಟದ್ದೇ 1933ರಲ್ಲಿ. ಇತ್ತ ಸ್ಟಾಲಿನ್ 1939ರ ಆಗಸ್ಟ್ 23ರಂದು ಹಿಟ್ಲರನ ಜೊತೆಗೇ ಒಪ್ಪಂದ ಮಾಡಿಕೊಂಡು, ಮುಂದಿನ ತಿಂಗಳು ಪೋಲೆಂಡನ್ನು ಅವನೊಂದಿಗೆ ಹಂಚಿಕೊಂಡಿದ್ದ. 1941ರ ಜೂನ್ 22ರಂದು ಜರ್ಮನ್ ಸೇನೆ ಸೋವಿಯತ್ ಗಡಿ ದಾಟದೆ ಇದ್ದಿದ್ದರೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮತ್ತು ಸ್ಟಾಲಿನ್ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳುತ್ತಿದ್ದರೇ ಎಂಬುದು ಸಂಶಯ. ದಾಳಿಯಾದ ಒಂದೆರಡು ದಿನಗಳಲ್ಲಿ, ಆಗಿನ್ನೂ ಸೆನೆಟರ್ ಆಗಿದ್ದ ಹ್ಯಾರಿ ಟ್ರೂಮನ್, ಜರ್ಮನಿ ಗೆಲ್ಲುತ್ತಿದ್ದರೆ ರಷ್ಯಾಕ್ಕೂ ರಷ್ಯಾ ಗೆಲ್ಲುತ್ತಿದ್ದರೆ ಜರ್ಮನಿಗೂ ನೆರವಾಗಬೇಕು ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಹಿಟ್ಲರ್ ಗೆಲ್ಲುವುದನ್ನು ತಾನು ಬಯಸುವುದಿಲ್ಲ ಎಂದೂ ಅವರು ಸೇರಿಸಿದ್ದರೆಂಬುದನ್ನು ಹೇಳದಿದ್ದರೆ ಅವರಿಗೆ ನ್ಯಾಯ ಮಾಡಿದಂತಾಗುವುದಿಲ್ಲ. ಆದರೂ ಸುಮಾರು ನಾಲ್ಕು ವರ್ಷಗಳ ನಂತರ ಅದೇ ವ್ಯಕ್ತಿ ಅಮೆರಿಕದ ಅಧ್ಯಕ್ಷರಾದಾಗ ಮಾಸ್ಕೋದವರು ಆ ಮಾತನ್ನು ಮರೆತಿರಲು ಸಾಧ್ಯವಿರಲಿಲ್ಲ.

ಯುದ್ಧದ ಭಾರವೂ ಸಮನಾಗಿ ಹಂಚಿಕೆಯಾಗಲಿಲ್ಲ, ಮತ್ತು ಮೊದಲ ದೊಡ್ಡ ಅಪನಂಬಿಕೆ ಮೂಡಿದ್ದು ಇಲ್ಲಿಯೇ. ಪಶ್ಚಿಮ ಯುರೋಪಿನಲ್ಲಿ ಎರಡನೆಯ ರಣರಂಗ ತೆರೆದು ಜರ್ಮನಿಯ ಒತ್ತಡವನ್ನು ಕಡಿಮೆ ಮಾಡಬೇಕೆಂದು ಸ್ಟಾಲಿನ್ 1941ರಿಂದಲೇ ಕೇಳುತ್ತಿದ್ದ. 1942ರಲ್ಲಿ ಅದರ ಭರವಸೆ ಹುಟ್ಟಿತು. ಆದರೆ ಸೇನೆ ಇಳಿದದ್ದು ಉತ್ತರ ಆಫ್ರಿಕಾದಲ್ಲಿ. 1943ರಲ್ಲಿ ಸಿಸಿಲಿ ಮತ್ತು ಇಟಲಿ. ಕಡೆಗೆ ಫ್ರಾನ್ಸಿನ ನಾರ್ಮಂಡಿಯ ದಂಡೆಯಲ್ಲಿ ಪಡೆಗಳು ಇಳಿದದ್ದು 1944ರ ಜೂನ್ 6ರಂದು, ಸ್ಟಾಲಿನ್‌ಗ್ರಾಡ್ ಮತ್ತು ಕುರ್ಸ್ಕ್ ಕದನಗಳು ಮುಗಿದು ಸೋವಿಯತ್ತಿನ ಕೆಂಪು ಸೇನೆ ಪಶ್ಚಿಮದ ಕಡೆ ನುಗ್ಗುತ್ತಿದ್ದ ಹೊತ್ತಿಗೆ. ಇಳಿಯಲು ಬೇಕಾದ ಹಡಗುಗಳ ಕೊರತೆ, ಅವಸರದಿಂದ ಆಗಬಹುದಾಗಿದ್ದ ಅಪಾರ ಪ್ರಾಣಹಾನಿ ಮುಂತಾದ ನಿಜವಾದ ಕಾರಣಗಳು ಬ್ರಿಟನ್ ಮತ್ತು ಅಮೆರಿಕಗಳಿಗೆ ಇದ್ದವು. ಆದರೆ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡ ದೇಶಕ್ಕೆ ಆ ಕಾರಣಗಳು ಹೇಗೆ ಕೇಳಿಸಿರಬೇಕು ಎಂಬುದನ್ನು ನಾವು ಯೋಚಿಸಬೇಕು. ಇನ್ನೊಂದು ಕಡೆ, ಮಿತ್ರದೇಶಗಳಿಗೆ ಯುದ್ಧಕ್ಕೆ ಬೇಕಾದುದನ್ನು ಒದಗಿಸುವ ಲೆಂಡ್-ಲೀಸ್ ಯೋಜನೆಯಡಿ ಅಮೆರಿಕ ಸುಮಾರು 1,100 ಕೋಟಿ ಡಾಲರ್ ಬೆಲೆಯ ಸಾಮಗ್ರಿಯನ್ನು, ಅದರಲ್ಲಿ ಸುಮಾರು ನಾಲ್ಕು ಲಕ್ಷ ಟ್ರಕ್ ಮತ್ತು ಜೀಪುಗಳನ್ನು, ಸೋವಿಯತ್ ಒಕ್ಕೂಟಕ್ಕೆ ಕಳಿಸಿತ್ತು. ಕೆಂಪು ಸೇನೆ ಬರ್ಲಿನ್ ವರೆಗೆ ಅಷ್ಟು ವೇಗವಾಗಿ ಸಾಗಿದ್ದರಲ್ಲಿ ಆ ಟ್ರಕ್ಕುಗಳ ಪಾಲು ದೊಡ್ಡದು. ರಕ್ತ ಹರಿಸಿದವರು ನಾವು ಎಂದು ಒಬ್ಬರು, ಸಾಮಗ್ರಿ ಕೊಟ್ಟವರು ನಾವು ಎಂದು ಇನ್ನೊಬ್ಬರು ಲೆಕ್ಕ ಇಟ್ಟುಕೊಂಡೇ ಗೆಲುವಿನ ಕಡೆ ನಡೆದರು.

ಎಲ್ಲರಿಗೂ ಶತ್ರು ಒಬ್ಬನೇ ಆಗಿದ್ದ ಎಂಬುದೂ ಪೂರ್ತಿ ನಿಜವಲ್ಲ. 1941ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟವು ಜಪಾನಿನೊಂದಿಗೆ ತಟಸ್ಥ ಒಪ್ಪಂದ ಮಾಡಿಕೊಂಡಿತ್ತು ಮತ್ತು 1945ರ ಆಗಸ್ಟ್ ವರೆಗೆ ಅದರ ವಿರುದ್ಧ ಯುದ್ಧಕ್ಕೆ ಇಳಿಯಲಿಲ್ಲ. ಇದರಿಂದಾಗಿ, 1944ರಲ್ಲಿ ಜಪಾನಿನ ಮೇಲಿನ ಕಾರ್ಯಾಚರಣೆಗೆ ಹೋಗಿ ಹಿಂದಿರುಗಲಾಗದೆ ಸೋವಿಯತ್ ನೆಲದಲ್ಲಿ ಇಳಿದ ಅಮೆರಿಕದ ಬಿ-29 ವಿಮಾನಗಳನ್ನು ಮಾಸ್ಕೋ ಹಿಂದಕ್ಕೆ ಕೊಡಲೇ ಇಲ್ಲ. ಸೋವಿಯತ್ ಎಂಜಿನಿಯರರು ಅವುಗಳಲ್ಲೊಂದನ್ನು ಬಿಚ್ಚಿ, ಭಾಗ ಭಾಗವನ್ನೂ ಅಳೆದು, ಟಿಯು-4 ಎಂಬ ತಮ್ಮದೇ ಬಾಂಬರ್ ತಯಾರಿಸಿದರು. ಮಿತ್ರನ ಆಯುಧವನ್ನು ಮುಂದಿನ ಪೈಪೋಟಿಗಾಗಿ ನಕಲು ಮಾಡುವ ಆ ಕೆಲಸಕ್ಕೆ ಯುದ್ಧ ಮುಗಿಯುವ ಮೊದಲೇ ಚಾಲನೆ ಸಿಕ್ಕಿತ್ತು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಆದರೆ ನಮ್ಮಲ್ಲಿ ಅತಿ ಕಡಿಮೆ ಚರ್ಚೆಯಾಗಿರುವ ಸಂಗತಿ ಇಟಲಿಯದು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದಾಗ ಅಲ್ಲಿನ ಆಡಳಿತದ ಮೇಲ್ವಿಚಾರಣೆಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಸಲಹೆ ಕೊಡುವ ಹೆಸರಿನ ಸ್ಥಾನವಷ್ಟೇ ಸಿಕ್ಕಿತು. ಅಧಿಕಾರವೆಲ್ಲ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳ ಕೈಯಲ್ಲಿ ಉಳಿಯಿತು. ಮರುವರ್ಷ ಕೆಂಪು ಸೇನೆ ರುಮೇನಿಯಾ ಮತ್ತು ಬಲ್ಗೇರಿಯಾಗಳನ್ನು, ಆ ಮೇಲೆ ಹಂಗೇರಿಯನ್ನು ಹೊಕ್ಕಾಗ ಸ್ಟಾಲಿನ್ ಇದೇ ಮೇಲ್ಪಂಕ್ತಿಯನ್ನು ಮುಂದಿಟ್ಟ, ಮತ್ತು ಅಲ್ಲಿ ಹೆಸರಿನ ಸ್ಥಾನಕ್ಕೆ ತೃಪ್ತಿಪಡುವ ಸರದಿ ಪಶ್ಚಿಮದವರದಾಯಿತು. 1944ರ ಅಕ್ಟೋಬರ್‌ನಲ್ಲಿ ಮಾಸ್ಕೋಗೆ ಹೋದ ಚರ್ಚಿಲ್ ಒಂದು ಕಾಗದದ ತುಂಡಿನ ಮೇಲೆ ರುಮೇನಿಯಾದಲ್ಲಿ ಶೇ 90 ರಷ್ಯಾಕ್ಕೆ, ಗ್ರೀಸಿನಲ್ಲಿ ಶೇ 90 ಬ್ರಿಟನ್ನಿಗೆ, ಯುಗೊಸ್ಲಾವಿಯಾದಲ್ಲಿ ಅರ್ಧರ್ಧ ಎಂದು ಬರೆದು ಮುಂದಿಟ್ಟರು. ಸ್ಟಾಲಿನ್ ಅದರ ಮೇಲೆ ಗುರುತು ಹಾಕಿದ. ಕೋಟ್ಯಂತರ ಜನರ ನಾಳೆಯನ್ನು ಅವರನ್ನು ಒಂದು ಮಾತೂ ಕೇಳದೆ ಹೀಗೆ ಪಾಲು ಮಾಡಿದ್ದು ನನ್ನನ್ನು ಇಂದಿಗೂ ಕಲಕುತ್ತದೆ. ಅದೇ ಡಿಸೆಂಬರ್‌ನಲ್ಲಿ ಅಥೆನ್ಸಿನಲ್ಲಿ ಬ್ರಿಟಿಷ್ ಸೇನೆ ಕಮ್ಯುನಿಸ್ಟ್ ಮುಂದಾಳ್ತನದ ಹೋರಾಟಗಾರರನ್ನು ಬಗ್ಗುಬಡಿಯುತ್ತಿದ್ದಾಗ ಸ್ಟಾಲಿನ್ ಬಾಯಿ ಬಿಡಲಿಲ್ಲ. ಆಗ ಗ್ರೀಸಿಗೆ ಕಳಿಸಲಾಗಿದ್ದ ಪಡೆಗಳಲ್ಲಿ ನಾಲ್ಕನೆಯ ಭಾರತೀಯ ಡಿವಿಜನ್ನಿನ ಸೈನಿಕರೂ ಇದ್ದರು ಎಂಬುದನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು.

ಪೋಲೆಂಡಿನ ವಿಷಯದಲ್ಲಿ ಇಂಥ ಹಂಚಿಕೆಗೂ ಅವಕಾಶವಿರಲಿಲ್ಲ. ಬ್ರಿಟನ್ ಯುದ್ಧಕ್ಕೆ ಇಳಿದದ್ದೇ ಪೋಲೆಂಡಿಗೆ ಕೊಟ್ಟ ಮಾತಿಗಾಗಿ. ಸೋವಿಯತ್ ಒಕ್ಕೂಟಕ್ಕಾದರೋ ಅದು ಜರ್ಮನ್ ಸೇನೆಗಳು ತನ್ನ ಮೇಲೆ ಏರಿಬರುವ ಹೆದ್ದಾರಿ. ಪೋಲೆಂಡಿನ ಸುಮಾರು 22,000 ಅಧಿಕಾರಿಗಳನ್ನೂ ಬಂದಿಗಳನ್ನೂ ಸೋವಿಯತ್ ಗುಪ್ತ ಪೊಲೀಸರು 1940ರಲ್ಲಿ ಕೊಂದಿದ್ದು, ಕಾತಿನ್ ಕಾಡಿನ ಸಾಮೂಹಿಕ ಗೋರಿಗಳು 1943ರಲ್ಲಿ ಬೆಳಕಿಗೆ ಬಂದಾಗ, ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಪೋಲಿಷ್ ಸರಕಾರ ತನಿಖೆ ಕೇಳಿದ್ದನ್ನೇ ನೆಪ ಮಾಡಿ ಸ್ಟಾಲಿನ್ ಅದರೊಂದಿಗಿನ ಸಂಬಂಧ ಕಡಿದುಕೊಂಡ. ಆ ಕೊಲೆಗಳನ್ನು ಮಾಸ್ಕೋ ಒಪ್ಪಿಕೊಂಡದ್ದು 1990ರಲ್ಲಿ. 1944ರ ಆಗಸ್ಟ್‌ನಲ್ಲಿ ವಾರ್ಸಾ ನಗರದ ಜನ ಜರ್ಮನರ ವಿರುದ್ಧ ಬಂಡೆದ್ದಾಗ ಕೆಂಪು ಸೇನೆ ವಿಸ್ತುಲಾ ನದಿಯ ಆಚೆ ದಂಡೆಯ ಸಮೀಪಕ್ಕೆ ಬಂದಿತ್ತು, ಆದರೂ ಎರಡು ತಿಂಗಳ ಆ ಹೋರಾಟ ಸಾಕಷ್ಟು ನೆರವಿಲ್ಲದೆ ನಾಶವಾಯಿತು. 1945ರ ಫೆಬ್ರವರಿಯ ಯಾಲ್ಟಾ ಸಮ್ಮೇಳನದಲ್ಲಿ ಪೋಲೆಂಡಿಗೆ ಮುಕ್ತ ಚುನಾವಣೆಯ ಭರವಸೆ ಸಿಕ್ಕಿತೆಂದು ಹೇಳಿದರೂ, ಅಷ್ಟರಲ್ಲಿ ಆ ನೆಲದ ಬಹುಭಾಗವನ್ನು ಕೆಂಪು ಸೇನೆ ಆಕ್ರಮಿಸಿಕೊಂಡಿದ್ದರಿಂದ ಅಮೆರಿಕದ ಆಗಿನ ಅಧ್ಯಕ್ಷ ರೂಸ್ವೆಲ್ಟ್ ಮತ್ತು ಚರ್ಚಿಲ್ ಅವರ ಕೈಯಲ್ಲಿ ಉಳಿದದ್ದು ಮಾತು ಮಾತ್ರ.

ಏಪ್ರಿಲ್ 12ರಂದು ರೂಸ್ವೆಲ್ಟ್ ತೀರಿಕೊಂಡರು. ಏಪ್ರಿಲ್ 25ರಂದು ಎಲ್ಬೆ ನದಿಯ ದಂಡೆಯಲ್ಲಿ ಎರಡೂ ಸೇನೆಗಳ ಸೈನಿಕರು ಕೈಕುಲುಕಿದರು. ಮರುತಿಂಗಳೇ ಚರ್ಚಿಲ್ ಸೋವಿಯತ್ ಸೇನೆಯ ವಿರುದ್ಧ ಯುದ್ಧ ಹೂಡುವ ಸಾಧ್ಯತೆಯನ್ನು ಪರಿಶೀಲಿಸಲು ತಮ್ಮ ಸೇನಾ ಯೋಜಕರಿಗೆ ಗುಟ್ಟಾಗಿ ಹೇಳಿದ್ದರು. ಅದು ಸಾಧ್ಯವಿಲ್ಲವೆಂದು ಅವರ ಸೇನಾ ಮುಖ್ಯಸ್ಥರೇ ತಳ್ಳಿಹಾಕಿದ್ದು ಜಗತ್ತಿನ ಪುಣ್ಯ. ಜುಲೈ 24ರಂದು ಪಾಟ್ಸ್‌ಡ್ಯಾಮ್‌ನಲ್ಲಿ ಟ್ರೂಮನ್, ಅಸಾಧಾರಣ ವಿನಾಶಶಕ್ತಿಯ ಹೊಸ ಆಯುಧವೊಂದು ತಮ್ಮಲ್ಲಿದೆ ಎಂದಷ್ಟೇ ಸ್ಟಾಲಿನ್‌ಗೆ ಹೇಳಿದರು. ಬ್ರಿಟನ್ನಿನೊಂದಿಗೆ ಹಂಚಿಕೊಂಡ ಪರಮಾಣು ಬಾಂಬಿನ ಗುಟ್ಟನ್ನು ಅಮೆರಿಕ ಮತ್ತೊಬ್ಬ ಮಿತ್ರನಿಂದ ವರ್ಷಗಟ್ಟಲೆ ಮುಚ್ಚಿಟ್ಟಿತ್ತು. ಆ ಮಿತ್ರನು ಕ್ಲಾಸ್ ಫುಕ್ಸ್‌ನಂಥ ಗೂಢಚಾರರ ಮೂಲಕ ಅದನ್ನು ಆಗಲೇ ಅರಿತಿದ್ದ. ಹೀಗಿದ್ದ ಮೇಲೆ ಸ್ನೇಹ ರಾತ್ರಿ ಕಳೆಯುವುದರೊಳಗೆ ದ್ವೇಷವಾಯಿತು ಎಂದು ಮಕ್ಕಳಿಗೆ ಹೇಗೆ ಹೇಳುವುದು?

ಇಬ್ಬರೂ ಪೈಪೋಟಿಗಾರರಷ್ಟೇ ಆಗಿ ಉಳಿಯದೆ ಮಹಾಶಕ್ತಿಗಳೇ ಆದದ್ದಕ್ಕೆ ಕಾರಣ ಬೇರೆ. 1939ಕ್ಕೆ ಮೊದಲು ಜಗತ್ತಿನಲ್ಲಿ ಐದಾರು ಬಲಾಢ್ಯ ದೇಶಗಳಿದ್ದವು. 1945ರ ಹೊತ್ತಿಗೆ ಜರ್ಮನಿ ಮತ್ತು ಜಪಾನ್ ಪಾಳುಬಿದ್ದಿದ್ದವು, ಫ್ರಾನ್ಸ್ ನಾಲ್ಕು ವರ್ಷ ಪರರ ಆಕ್ರಮಣದಲ್ಲಿ ನಲುಗಿತ್ತು, ಬ್ರಿಟನ್ ಗೆದ್ದೂ ಸಾಲದಲ್ಲಿ ಮುಳುಗಿತ್ತು. ಭಾರತವನ್ನು 1948ರ ಜೂನ್ ಒಳಗೆ ಬಿಟ್ಟುಹೋಗುವುದಾಗಿ ಅಟ್ಲಿ ಸರಕಾರ ಘೋಷಿಸಿದ್ದು 1947ರ ಫೆಬ್ರವರಿ 20ರಂದು. ಗ್ರೀಸ್ ಮತ್ತು ಟರ್ಕಿಗಳಿಗೆ ಇನ್ನು ನೆರವು ಕೊಡಲಾರೆವೆಂದು ಅದೇ ಬ್ರಿಟನ್ ಅಮೆರಿಕಕ್ಕೆ ತಿಳಿಸಿದ್ದು ಫೆಬ್ರವರಿ 21ರಂದು. ಮಾರ್ಚ್ 12ರಂದು ಟ್ರೂಮನ್ ಆ ಭಾರವನ್ನು ಅಮೆರಿಕ ಹೊರುವುದೆಂದು ಸಾರಿದರು. ನಮ್ಮ ಸ್ವಾತಂತ್ರ್ಯದ ಪಾಠವನ್ನೂ ಶೀತಲ ಸಮರದ ಪಾಠವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ಮಕ್ಕಳಿಗೆ ಈ ಎರಡು ದಿನಾಂಕಗಳನ್ನು ಒಟ್ಟಿಗೆ ತೋರಿಸಿದರೆ, ಒಂದು ಸಾಮ್ರಾಜ್ಯ ಜಾಗ ಖಾಲಿ ಮಾಡಿದ ಕಡೆಯಲ್ಲೆಲ್ಲ ಹೊಸ ಪೈಪೋಟಿ ಹೇಗೆ ಹೊಕ್ಕಿತು ಎಂಬುದು ತಾನಾಗಿ ತಿಳಿಯುತ್ತದೆ.

ಒಬ್ಬ ಶತ್ರುವಿಗಾಗಿ ಒಂದಾದವರು ಮುಂದೆ ಪೈಪೋಟಿಗೆ ಇಳಿಯುವುದನ್ನು ಅರಿಯಲು ನಮ್ಮ ಜಿಲ್ಲೆಯವರು ಬಹಳ ದೂರ ಹೋಗಬೇಕಾಗಿಲ್ಲ. ರಕ್ಕಸಗಿ–ತಂಗಡಗಿ ಅಥವಾ ತಾಳಿಕೋಟೆ ಕದನವೆಂದು ನಾವು ಕರೆಯುವ 1565ರ ಯುದ್ಧಕ್ಕೆ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ಬೀದರಿನ ಸುಲ್ತಾನರು ಒಂದಾದರು. ಅದಕ್ಕಾಗಿ ಅಹಮದ್‌ನಗರದ ಚಾಂದಬೀಬಿಯನ್ನು ವಿಜಾಪುರದ ಮೊದಲನೆಯ ಅಲಿ ಆದಿಲ್ ಶಾಹನಿಗೆ ಕೊಟ್ಟು, ಇಬ್ಬರ ನಡುವೆ ಜಗಳಕ್ಕೆ ಮೂಲವಾಗಿದ್ದ ಸೊಲ್ಲಾಪುರದ ಕೋಟೆಯನ್ನೂ ಬಳುವಳಿಯಾಗಿ ಕೊಡಲಾಯಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಇದೇ ಅಲಿ ಆದಿಲ್ ಶಾಹ ಅಳಿಯ ರಾಮರಾಯನ ಜೊತೆಗೂಡಿ ಅಹಮದ್‌ನಗರದ ಮೇಲೆ ಏರಿಹೋಗಿದ್ದ. ವಿಜಯನಗರ ಬಿದ್ದ ಕೆಲವೇ ವರ್ಷಗಳಲ್ಲಿ ವಿಜಾಪುರ ಮತ್ತು ಅಹಮದ್‌ನಗರದ ಸೇನೆಗಳು ಮತ್ತೆ ಎದುರುಬದುರಾದವು. 1619ರಲ್ಲಿ ಬೀದರನ್ನು ವಿಜಾಪುರವೇ ನುಂಗಿತು. ನಮ್ಮ ಊರಿನ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತಾಳಿಕೋಟೆ ಕದನದಲ್ಲಿ ಮಿತ್ರರ ಪರವಾಗಿ ಗುಡುಗಿತೆಂಬ ಪ್ರತೀತಿ ಅದಕ್ಕಿದೆ. 1632ರಲ್ಲಿ ಪರಾಂಡ ಕೋಟೆಯಿಂದ ಅದನ್ನು ವಿಜಯದ ಗುರುತಾಗಿ ಇಲ್ಲಿಗೆ ತರಲಾಯಿತು. ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ದಖ್ಖನ್ನಿನ ಸುಲ್ತಾನರ ನೆತ್ತಿಯ ಮೇಲೆ ಮೊಗಲರಿದ್ದರು, ಕಡೆಗೆ ಉಳಿದವರೆಲ್ಲರನ್ನೂ ಮುಗಿಸಿದವರು ಅವರೇ. 1945ರಲ್ಲಿ ಗೆದ್ದ ಇಬ್ಬರ ಮೇಲೆ ಅಂಥ ಮೂರನೆಯವರು ಯಾರೂ ಇರಲಿಲ್ಲ. ಆದ್ದರಿಂದಲೇ ಆ ಪೈಪೋಟಿ ಇಡೀ ಭೂಮಿಯನ್ನು ಆವರಿಸಿತು.

ಹಾಗೆಂದು ನಡೆದದ್ದೆಲ್ಲ ನಡೆಯಲೇಬೇಕಾಗಿತ್ತು ಎಂದು ನಾನು ಹೇಳುತ್ತಿಲ್ಲ. ಜರ್ಮನಿಯಂತೆಯೇ ಆಸ್ಟ್ರಿಯಾವನ್ನೂ ನಾಲ್ಕು ದೇಶಗಳು ಹಂಚಿಕೊಂಡಿದ್ದವು, ಆದರೆ 1955ರ ಒಪ್ಪಂದದ ಪ್ರಕಾರ ನಾಲ್ಕೂ ಸೇನೆಗಳು ಅಲ್ಲಿಂದ ಹೊರಟುಹೋದವು ಮತ್ತು ಆ ದೇಶ ತಟಸ್ಥವಾಗಿ ಒಂದಾಗಿ ಉಳಿಯಿತು. ಇರಾನಿನಿಂದ ಸೋವಿಯತ್ ಸೇನೆ ತಡವಾಗಿಯಾದರೂ 1946ರ ಮೇ ತಿಂಗಳಲ್ಲಿ ತೆರವಾಯಿತು. ಮನಸ್ಸು ಮಾಡಿದ ಕಡೆ ದಾರಿ ಸಿಕ್ಕಿತ್ತು. ದಾರಿ ಸಿಗದ ಕೊರಿಯಾದಲ್ಲಿ, 1945ರ ಆಗಸ್ಟ್‌ನಲ್ಲಿ ಅಮೆರಿಕದ ಇಬ್ಬರು ಸೇನಾಧಿಕಾರಿಗಳು ತರಾತುರಿಯಲ್ಲಿ ನಕಾಶೆ ನೋಡಿ ಸೂಚಿಸಿದ 38ನೆಯ ಅಕ್ಷಾಂಶದ ಗೆರೆಯನ್ನು ಸೋವಿಯತ್ತರು ಒಪ್ಪಿಕೊಂಡರು, ಐದು ವರ್ಷಗಳೊಳಗೆ ಅದೇ ಗೆರೆಯ ಮೇಲೆ ಯುದ್ಧ ಹೊತ್ತಿಕೊಂಡಿತು. ಆ ಯುದ್ಧದ ಕೊನೆಯಲ್ಲಿ ತವರಿಗೆ ಮರಳಲೊಪ್ಪದ ಕೈದಿಗಳ ಕಗ್ಗಂಟನ್ನು ಬಿಡಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು. ಎರಡೂ ಬಣಗಳಿಂದ ದೂರ ಉಳಿಯುವ ನೀತಿಯನ್ನು ಭಾರತ ಆರಿಸಿಕೊಂಡದ್ದು ಏಕೆ ಎಂದು ಮಕ್ಕಳು ಕೇಳಿದರೆ, ಅಲಿಪ್ತ ನೀತಿಯ ತತ್ತ್ವಗಳನ್ನು ಬಾಯಿಪಾಠ ಮಾಡಿಸುವ ಬದಲು ಈ ಒಂದು ಪ್ರಸಂಗವನ್ನು ವಿವರವಾಗಿ ಹೇಳಬಹುದು.

ನಮ್ಮ ಭಾಗದ ಇತಿಹಾಸ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ಎರಡನೆಯ ಮಹಾಯುದ್ಧವನ್ನು 1945ಕ್ಕೆ ಮುಗಿಸಿ, ಶೀತಲ ಸಮರವನ್ನು ಬೇರೆ ದಿನ ಬೇರೆ ಪಾಠವಾಗಿ ತೆಗೆದುಕೊಳ್ಳಬೇಡಿ. 1941ರ ಜೂನ್‌ನಿಂದ 1949ರಲ್ಲಿ ಪಶ್ಚಿಮದ ದೇಶಗಳ ಸೇನಾ ಕೂಟವಾದ ನೇಟೊ ಸ್ಥಾಪನೆಯಾಗಿ ಸೋವಿಯತ್ ಒಕ್ಕೂಟ ತನ್ನ ಮೊದಲ ಪರಮಾಣು ಬಾಂಬನ್ನು ಪರೀಕ್ಷಿಸುವವರೆಗಿನ ಅವಧಿಯನ್ನು ಒಂದೇ ಕಥನವಾಗಿ ಹೇಳಿ. ಸಂಪಾದಕರಾದ ತಮ್ಮಲ್ಲಿಯೂ ಒಂದು ಕೋರಿಕೆಯಿದೆ. 1945ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಯಾವ ಸೇನೆ ಎಲ್ಲಿ ನಿಂತಿತ್ತು ಎಂಬುದನ್ನು ತೋರಿಸುವ ಕನ್ನಡದ ನಕಾಶೆಯೊಂದನ್ನು ತಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಪ್ರಕಟಿಸಿದರೆ, ಕನ್ನಡ ಮಾಧ್ಯಮದ ಶಾಲೆಗಳ ಗೋಡೆಗೆ ಅಂಟಿಸಲು ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಉಪನ್ಯಾಸಕ, ವಿಜಯಪುರ