ಕೌಂಟರಿನ ಹಿಂದಿನ ಹಲಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಸಾಗರದಿಂದ ಮಗಳು ಬೆಂಗಳೂರಿಗೆ ಬಂದು ಹೋಟೆಲ್ಲಿನ ಫ್ರಂಟ್ ಆಫೀಸಿಗೆ ಸೇರುತ್ತಿದ್ದಾಳೆ. ಆಫರ್ ಲೆಟರಿನ ಜೊತೆ ಬಂದ ಪಟ್ಟಿಯಲ್ಲಿ ಹುಡುಗಿಯರಿಗೆ ಕಪ್ಪು ಹೀಲ್ಸ್, ಕನಿಷ್ಠ ಎರಡು ಇಂಚು ಅಂತ ಬರೆದಿದೆ. ಅವಳು ಖುಷಿಯಲ್ಲಿದ್ದಾಳೆ, ನಿನಗೆ ಮೈಯೆಲ್ಲ ಉರಿ. 'ಹೆಂಗಸರು ತಮ್ಮ ಕಾಲಿಗೆ ತಾವೇ ಕೋಳ ಹಾಕ್ಕೊಳ್ಳೋದು ಅಲ್ವನೇ ಇದು? ನೀನೇ ಬುದ್ಧಿ ಹೇಳು ಮಾರಾಯ್ತಿ, ನೀನಂದ್ರೆ ಕೇಳ್ತಾಳೆ' ಅಂದೆ. ನಾನು 'ನೋಡೋಣ' ಅಂದು ಫೋನ್ ಇಟ್ಟೆ.

ನೋಡೋಣ ಅಂದಿದ್ದು ತಪ್ಪಿಸಿಕೊಳ್ಳೋದಕ್ಕಲ್ಲ ಕಣೋ. ಆ ಕೆಲಸವನ್ನು ನಾನೂ ನಾಲ್ಕು ವರ್ಷ ಮಾಡಿದ್ದೇನೆ. ನಿನಗೆ ಗೊತ್ತಿದ್ದದ್ದು ನಾನು ಬೆಂಗಳೂರಿನ ದೊಡ್ಡ ಹೋಟೆಲ್ಲಿನಲ್ಲಿ ಇದ್ದೆ ಅನ್ನೋದಷ್ಟೇ. ನನ್ನ ಕಾಲಿಗೆ ಏನಾಯಿತು ಅಂತ ಅಮ್ಮನಿಗೆ ಬಿಟ್ಟರೆ ಇನ್ಯಾರಿಗೂ ಹೇಳಿಲ್ಲ. ಮೊದಲು ಅದನ್ನು ಬರೆಯುತ್ತೇನೆ.

ನನ್ನ ಎತ್ತರ ನಿನಗೆ ಗೊತ್ತು, ನಾಲ್ಕು ಅಡಿ ಹತ್ತು ಇಂಚು. ಆ ರಿಸೆಪ್ಷನ್ ಕೌಂಟರು ಕಪ್ಪು ಗ್ರಾನೈಟಿನದು, ಸುಮಾರು ಮೂರೂವರೆ ಅಡಿ. ಎತ್ತರದ ಗಂಡಸೊಬ್ಬ ಮೊಣಕೈ ಊರಿ ನಿಂತು ಸಹಿ ಹಾಕೋದಕ್ಕೆ ಹೇಳಿ ಮಾಡಿಸಿದ ಅಳತೆ. ಅದರ ಹಿಂದೆ ನಿಂತರೆ ಆ ಕಡೆಯವರಿಗೆ ನನ್ನ ತಲೆ, ಭುಜ, ಸ್ವಲ್ಪ ಎದೆ ಕಾಣುತ್ತಿತ್ತು. ತರಬೇತಿಯ ಮೊದಲ ವಾರ ಚಪ್ಪಟೆ ಶೂ ಹಾಕಿಕೊಂಡು ಹೋಗುತ್ತಿದ್ದೆ. ಬಂದವರೆಲ್ಲ ನನ್ನ ತಲೆ ಮೇಲಿಂದ ನೋಡಿ, ಪಕ್ಕದಲ್ಲಿ ನಿಂತಿದ್ದ, ನನಗಿಂತ ಹೊಸಬನಾದ ಹುಡುಗನನ್ನು ರೂಮು ಕೇಳುತ್ತಿದ್ದರು. ಅವನು ನನ್ನ ಕಡೆ ತಿರುಗಿ ಕೇಳುತ್ತಿದ್ದ, ನಾನು ಅವನಿಗೆ ಹೇಳುತ್ತಿದ್ದೆ, ಅವನು ಅವರಿಗೆ ಹೇಳುತ್ತಿದ್ದ. ಎರಡನೇ ವಾರ ಮೂರು ಇಂಚಿನ ಹೀಲ್ಸ್ ಹಾಕಿದೆ. ಜನ ನನ್ನನ್ನೇ ಕೇಳಲು ಶುರು ಮಾಡಿದರು. ಮೂರೇ ಇಂಚು ಕಣೋ. ಅಷ್ಟಕ್ಕೆ ನನ್ನ ಮಾತಿಗೆ ತೂಕ ಬಂತು.

ಆದ್ದರಿಂದ ಹೀಲ್ಸ್‌ನಿಂದ ಬರುವ ಧೈರ್ಯ ಬರೀ ಭ್ರಮೆ ಅಂತ ನೀನು ಹೇಳಿದರೆ ನಾನು ಒಪ್ಪೋದಿಲ್ಲ. ನಿನ್ನ ಮಗಳ ಖುಷಿಯಲ್ಲೂ ಏನೂ ತಪ್ಪಿಲ್ಲ.

ಇನ್ನೊಬ್ಬಳ ವಿಷಯ ಹೇಳಬೇಕು. ನನ್ನ ಜೊತೆ ಕೋಲಾರದ ಕಡೆಯ ಹುಡುಗಿಯೊಬ್ಬಳಿದ್ದಳು, ನನಗಿಂತ ಎರಡು ವರ್ಷ ಚಿಕ್ಕವಳು, ಎತ್ತರಕ್ಕೇನೂ ಕೊರತೆ ಇರಲಿಲ್ಲ. ಮೊದಲ ಸಂಬಳದಲ್ಲಿ ಅವಳು ಕೊಂಡದ್ದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಜೊತೆ ಹೀಲ್ಸ್. ಲಾಬಿಯ ಮಾರ್ಬಲ್ ಮೇಲೆ ಅವಳು ನಡೆದರೆ ಟಕ್ ಟಕ್ ಅಂತ ಲಿಫ್ಟಿನವರೆಗೂ ಕೇಳುತ್ತಿತ್ತು. 'ಹಿಂದೆ ರಬ್ಬರ್ ಹಾಕಿಸ್ಕೊಳ್ಳೆ, ಸದ್ದು ಕಮ್ಮಿಯಾಗುತ್ತೆ' ಅಂದೆ ಒಮ್ಮೆ. ಅವಳು ಬೇಡ ಅಂದಳು. ಆಮೇಲೆ ಊಟದ ಹೊತ್ತಿನಲ್ಲಿ ಹೇಳಿದಳು: 'ನಮ್ಮಮ್ಮ ಊರಲ್ಲಿ ಮೇಲಿನ ಕೇರಿ ಬಂದ್ರೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು, ಸೆರಗಿನಲ್ಲಿ ಮುಚ್ಕೊಂಡು ದಾಟ್ತಿದ್ರು ಅಕ್ಕ. ನಾನೂ ಚಿಕ್ಕೋಳಿದ್ದಾಗ ಹಂಗೇ ದಾಟಿದೀನಿ. ನನ್ನ ಕಾಲಿನ ಸದ್ದು ಎಲ್ಲರಿಗೂ ಕೇಳಲಿ.' ನನ್ನ ಗಂಟಲಿನಲ್ಲಿ ಅನ್ನ ಇಳಿಯಲಿಲ್ಲ. ಹರಳಯ್ಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದ ಕಥೆಯನ್ನು ನಾವಿಬ್ಬರೂ ಶಾಲೆಯಲ್ಲಿ ಕೇಳಿ ಬೆಳೆದವರು. ಕಾಲಿಗೆ ಮೆಟ್ಟು ಹಾಕೋದೇ ಒಂದು ಹಕ್ಕು ಅನ್ನೋದು ನನಗೆ ತಟ್ಟಿದ್ದು ಮಾತ್ರ ಆ ಮಧ್ಯಾಹ್ನ. ನೀನು ಕೋಳ ಅಂದೆಯಲ್ಲ, ಆ ಮಾತನ್ನು ಅವಳ ಎದುರು ಆಡುವ ಧೈರ್ಯ ನನಗಿಲ್ಲ.

ಇನ್ನು ಕಾಲಿನ ವಿಷಯ. ಪಾಳಿ ಒಂಬತ್ತು ಗಂಟೆ, ಅದರಲ್ಲಿ ಎಂಟು ಗಂಟೆ ನಿಂತೇ ಇರಬೇಕು. ಬರಿಗಾಲಲ್ಲಿ ನಿಂತಾಗ ಮೈಭಾರದ ದೊಡ್ಡ ಪಾಲನ್ನು ಹಿಮ್ಮಡಿ ಹೊರುತ್ತದೆ. ಹಿಮ್ಮಡಿ ಎತ್ತಿದಷ್ಟೂ ಭಾರ ಮುಂದಕ್ಕೆ ಜಾರಿ ಬೆರಳುಗಳ ಬುಡಕ್ಕೆ ಬೀಳುತ್ತದೆ. ಆ ಬೆರಳುಗಳೋ ಚೂಪು ಮೂತಿಯೊಳಗೆ ಒಂದರ ಮೇಲೊಂದು ಏರಿ ಕೂತಿರುತ್ತವೆ. ಬೀಳದಿರಲಿ ಅಂತ ಸೊಂಟ ಹಿಂದಕ್ಕೆ, ಎದೆ ಮುಂದಕ್ಕೆ ಹೋಗುತ್ತದೆ. ಮೊದಲ ಎರಡು ಗಂಟೆ ಏನೂ ಗೊತ್ತಾಗುವುದಿಲ್ಲ. ಐದನೇ ಗಂಟೆಗೆ ಬೆರಳ ಬುಡದಲ್ಲಿ ಕೆಂಡ. ನಾನು ಕೌಂಟರಿನ ಮರೆಯಲ್ಲಿ ಒಂದೊಂದೇ ಕಾಲನ್ನು ಹೊರಗೆಳೆದು, ತಣ್ಣಗಿನ ನೆಲದ ಮೇಲಿಟ್ಟು, ಯಾರಾದರೂ ಬಂದರೆ ನಗುತ್ತಾ ಮತ್ತೆ ಒಳಗೆ ತುರುಕುತ್ತಿದ್ದೆ. ಬಸ್ಸಿನಲ್ಲಿ ಹವಾಯಿ ಚಪ್ಪಲಿ, ಹೀಲ್ಸ್ ಬ್ಯಾಗಿನಲ್ಲಿ. ನಮ್ಮ ಪಾಳಿಯ ಹುಡುಗಿಯರೆಲ್ಲ ಹಾಗೇ ಬರುತ್ತಿದ್ದದ್ದು. ಬೆಂಗಳೂರಿನ ಫುಟ್‌ಪಾತಿನ ಚಪ್ಪಡಿ ಸಂದಿಗೆ ಹೀಲು ಒಮ್ಮೆ ಸಿಕ್ಕಿಕೊಂಡರೆ ಕಾಲು ಉಳುಕಿದಂತೆಯೇ ಲೆಕ್ಕ.

ಎರಡು ವರ್ಷವಾದ ಮೇಲೆ ವಿಚಿತ್ರವೊಂದು ಗಮನಕ್ಕೆ ಬಂತು. ಊರಿಗೆ ಬಂದು ಅಂಗಳದಲ್ಲಿ ಬರಿಗಾಲಲ್ಲಿ ನಡೆದರೆ ನೋವು, ತುದಿಗಾಲಲ್ಲಿ ನಡೆದರೆ ಹಾಯಿ. ಅಮ್ಮ 'ಇದೇನೇ ಕೊಕ್ಕರೆ ಥರ ನಡೀತೀಯ' ಅಂದಳು. ರಾತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೀನಖಂಡಕ್ಕೆ ತಿಕ್ಕುವಾಗ ಅವಳ ಬೆರಳಿಗೆ ಅಲ್ಲಿ ಗಂಟು ಸಿಕ್ಕಿತು. ಯಾಕೆ ಹೀಗೆ ಅಂತ ಬಹಳ ವರ್ಷದ ಮೇಲೆ ಓದಿ ತಿಳಿದುಕೊಂಡೆ. ಎರಡು ವರ್ಷಕ್ಕೂ ಮೇಲ್ಪಟ್ಟು, ವಾರಕ್ಕೆ ಐದು ಸಲವಾದರೂ ಎತ್ತರದ ಹೀಲ್ಸ್ ಹಾಕಿದ ಹೆಂಗಸರನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ್ದರು. ಮೀನಖಂಡದ ಸ್ನಾಯುವಿನ ಎಳೆಗಳು ಸುಮಾರು ಶೇಕಡಾ 13ರಷ್ಟು ಗಿಡ್ಡವಾಗಿದ್ದವು, ಹಿಮ್ಮಡಿಯ ನರದಂಥ ಪಟ್ಟಿ ದಪ್ಪವಾಗಿ ಬಿಗಿದಿತ್ತು. ಕಾಲು ಹೀಲ್ಸ್‌ನ ಅಳತೆಗೆ ತನ್ನನ್ನು ತಾನೇ ಕತ್ತರಿಸಿಕೊಂಡಿತ್ತು. ಚಪ್ಪಟೆ ಚಪ್ಪಲಿ ಹಾಕಿದಾಗ ಅದೇ ಎಳೆಯುತ್ತದೆ, ನೋಯುತ್ತದೆ. ಅಮ್ಮನ ಬೆರಳಿಗೆ ಸಿಕ್ಕಿದ್ದು ಅದೇ ಇರಬೇಕು ಅಂದುಕೊಂಡೆ.

ಇಷ್ಟೆಲ್ಲ ಆದರೂ ನನಗೆ ಹೀಲ್ಸ್ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಒಂದು ಹಲಗೆಯಿಂದ.

ಹೌಸ್‌ಕೀಪಿಂಗಿನಲ್ಲಿ ವಯಸ್ಸಾದ ಅಕ್ಕ ಒಬ್ಬರಿದ್ದರು. ನಾನು ಕಾಲು ಹೊರಗೆ ತೆಗೆದು ನಿಲ್ಲೋದನ್ನು ನೋಡಿ ನೋಡಿ ಒಂದು ದಿನ ಬಡಗಿಗಳ ಹತ್ತಿರ ಹೋಗಿ, ಪ್ಯಾಕಿಂಗ್ ಮರದಲ್ಲಿ ಒಂದು ಹಲಗೆ ಮಾಡಿಸಿಕೊಂಡು ಬಂದರು. ಊಟಕ್ಕೆ ಕೂರುವ ಮಣೆಯ ಹಾಗೇ, ಸ್ವಲ್ಪ ಉದ್ದ. ಎತ್ತರ ಮೂರು ಇಂಚು. ಮೊಳೆ ತಾಗದಿರಲಿ ಅಂತ ಮೇಲೆ ಹಳೇ ಕಾರ್ಪೆಟ್ಟಿನ ತುಂಡು ಅಂಟಿಸಿದ್ದರು. ಕೌಂಟರಿನ ಹಿಂದೆ ಅದನ್ನಿಟ್ಟು, ಚಪ್ಪಟೆ ಶೂ ಹಾಕಿಕೊಂಡು ಹತ್ತಿ ನಿಂತೆ. ಅದೇ ಎತ್ತರ! ಜನ ನನ್ನನ್ನೇ ಕೇಳಿದರು, ನಾನೇ ಕೀ ಕೊಟ್ಟೆ. ಹೀಲ್ಸ್‌ನಿಂದ ಬಂತು ಅಂದುಕೊಂಡಿದ್ದ ತೂಕ ಒಂದು ಚೂರೂ ಇಳಿಯಲಿಲ್ಲ. ಆರನೇ ಗಂಟೆಯಲ್ಲಿ ನನ್ನ ನಗು ನಿಜವಾದ ನಗು ಆಗಿತ್ತು. ಹತ್ತು ಹನ್ನೆರಡು ದಿನ ಹಾಗೇ ನಡೆಯಿತು.

ಆಮೇಲೆ ಡ್ಯೂಟಿ ಮ್ಯಾನೇಜರ್ ನೋಡಿದರು. ಹಲಗೆ ಅವತ್ತೇ ಹೋಯಿತು. ನನಗೆ ಹೀಲ್ಸ್ ಹಾಕಿಕೊಳ್ಳಲು ಹೇಳಿ, ಉಡುಗೆ ತೊಡುಗೆಯ ತಪ್ಪು ಬರೆದಿಡುವ ಗ್ರೂಮಿಂಗ್ ರಿಜಿಸ್ಟರಿನಲ್ಲಿ ಹೆಸರು ಬರೆದರು. ಕೌಂಟರಿನ ಆ ಕಡೆ ನಿಂತವರಿಗೆ ನನ್ನ ಕಾಲು ಕಾಣುವುದೇ ಇಲ್ಲ, ಗ್ರಾನೈಟು ನೆಲದವರೆಗೂ ಇದೆ. 'ಯಾರಿಗೂ ಕಾಣಲ್ವಲ್ಲ ಸರ್' ಅಂದೆ. 'ರೂಲ್ಸ್ ರೂಲ್ಸೇ' ಅಂದರು. ಪಕ್ಕದ ಹುಡುಗ ಚಪ್ಪಟೆ ಬೂಟಿನಲ್ಲಿ ನಿಂತಿದ್ದ. ಅವನದೂ ಅದೇ ಸಂಬಳ, ಅದೇ ಪಾಳಿ. ನನಗೆ ಬೇಕಾಗಿದ್ದದ್ದು ಎತ್ತರ. ಅವರಿಗೆ ಬೇಕಾಗಿದ್ದದ್ದು ನಾನು ಹೀಲ್ಸ್ ಹಾಕಿರೋದು. ಎರಡೂ ಒಂದೇ ಅಂತ ಎರಡು ವರ್ಷ ನಂಬಿದ್ದೆನಲ್ಲ ಅಂತ ಅವತ್ತು ಅಳು ಬಂತು.

ಲಂಡನ್ನಿನಲ್ಲಿ ಇಂಥದ್ದೇ ಆಯಿತು ಅಂತ ಆಮೇಲೆ ಓದಿದೆ. 2015ರ ಡಿಸೆಂಬರಿನಲ್ಲಿ ನಿಕೋಲಾ ಥಾರ್ಪ್ ಅನ್ನುವ ಹುಡುಗಿ ರಿಸೆಪ್ಷನ್ ಕೆಲಸಕ್ಕೆ ಮೊದಲ ದಿನ ಚಪ್ಪಟೆ ಶೂನಲ್ಲಿ ಹೋದಳು. ಎರಡರಿಂದ ನಾಲ್ಕು ಇಂಚಿನ ಹೀಲ್ಸ್ ಇಲ್ಲದಿದ್ದರೆ ಆಗದು ಅಂತ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಅವಳು ಬರೆದ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, 2017ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚೆಯಾಯಿತು. ಸರ್ಕಾರ ಮಾತ್ರ ಈಗಿರುವ ಸಮಾನತೆಯ ಕಾಯಿದೆಯೇ ಸಾಕು ಅಂದುಬಿಟ್ಟಿತು. ಜಪಾನಿನ ಯುಮಿ ಇಶಿಕಾವಾ ಕೆಲಸ ಮಾಡುತ್ತಿದ್ದದ್ದು ಅಂತ್ಯಸಂಸ್ಕಾರ ನಡೆಸಿಕೊಡುವ ಕಡೆ. ಸಾವಿನ ಮನೆಯ ಕೆಲಸಕ್ಕೂ ಹೀಲ್ಸ್! ಜಪಾನಿ ಭಾಷೆಯಲ್ಲಿ ಕುತ್ಸು ಅಂದರೆ ಶೂ, ಕುತ್ಸೂ ಅಂದರೆ ನೋವು. ಎರಡನ್ನೂ ಮೀಟೂ ಜೊತೆ ಬೆಸೆದು 2019ರಲ್ಲಿ ಅವಳು ಕುಟೂ ಅನ್ನೋ ಚಳವಳಿ ಹುಟ್ಟುಹಾಕಿದಳು. ಆಗಿನ ಅಲ್ಲಿಯ ಕಾರ್ಮಿಕ ಸಚಿವರು, ಕೆಲಸಕ್ಕೆ ಅಗತ್ಯ ಮತ್ತು ಸೂಕ್ತ ಅಂತ ಸಮಾಜ ಒಪ್ಪಿಕೊಂಡಷ್ಟು ಸರಿಯೇ ಅನ್ನೋ ಅರ್ಥದ ಮಾತಾಡಿದರು. ಯಾವ ಅಗತ್ಯ ಅಂತ ನನಗೆ ಇವತ್ತಿಗೂ ತಿಳಿಯುತ್ತಿಲ್ಲ.

ನೀನು ಇತಿಹಾಸದ ಮೇಷ್ಟ್ರು, ಶೂವಿನ ಈ ಎತ್ತರದ ಹಿಮ್ಮಡಿ ಮೊದಲು ಯಾರದು ಅಂತ ನಿನಗೇ ಚೆನ್ನಾಗಿ ಗೊತ್ತಿರಬೇಕು. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ, ಅಂದರೆ ಜೀನಿಗೆ ತೂಗುವ ಕಾಲಿಡುವ ಬಳೆಯಲ್ಲಿ, ಕಾಲು ಭದ್ರವಾಗಿ ನಿಲ್ಲಲಿ ಅಂತ ಹಾಕಿದ್ದು. ಅಲ್ಲಿಂದ ಯೂರೋಪಿನ ಗಂಡಸರಿಗೆ ಬಂತು. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಕೆಂಪು ಹಿಮ್ಮಡಿಯ ಶೂ ಹಾಕಿ ಮೆರೆದ. 18ನೇ ಶತಮಾನದಲ್ಲಿ ಗಂಡಸರು ಕೆಲಸಕ್ಕೆ ಬಾರದ ಒಡವೆ ಅಂತ ಬಿಟ್ಟರು. ಬಿಡುವಾಗ ಅವರನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಈಗ ಮಗಳಿಗೆ ಏನು ಹೇಳಬೇಕು ಅನ್ನೋದಕ್ಕೆ ಬರುತ್ತೇನೆ. ದಯವಿಟ್ಟು ಹೀಲ್ಸ್ ಬೇಡ ಅಂತ ನೀನು ಹೇಳಬೇಡ. ಹಾಕು ಅಂತ ಹೋಟೆಲ್ಲಿನವರು, ಬೇಡ ಅಂತ ಅಪ್ಪ. ಅವಳ ಕಾಲಿನ ವಿಷಯದಲ್ಲಿ ಅವಳ ಮಾತಿಗೆ ಜಾಗ ಎಲ್ಲಿ ಉಳಿಯಿತು? ಅವಳು ಕೇಳಬೇಕಾದ್ದು ಬೇರೆ ಇದೆ. ಕೌಂಟರಿನ ಹಿಂದೆ ಕುರ್ಚಿ ಇದೆಯಾ? ನಿಂತೇ ಇರಬೇಕಾದ್ದು ಎಷ್ಟು ಗಂಟೆ? ಹುಡುಗರ ಪಟ್ಟಿಯಲ್ಲಿ ಏನಿದೆ? ಕಾಲು ನೋಯುತ್ತದೆ ಅಂತ ಡಾಕ್ಟರ ಚೀಟಿ ತಂದರೆ ಬಿಡುತ್ತಾರಾ?

ಕುರ್ಚಿ ಅನ್ನೋದನ್ನು ಸಣ್ಣದು ಅಂದುಕೊಳ್ಳಬೇಡ. ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವು ಅನ್ನೋ ಬೀದಿಯ ಬಟ್ಟೆ ಅಂಗಡಿಗಳಲ್ಲಿ ಹೆಣ್ಣುಮಕ್ಕಳಿಗೆ ದಿನವಿಡೀ ಕೂರುವಂತಿರಲಿಲ್ಲ, ಗಿರಾಕಿ ಇಲ್ಲದಾಗಲೂ. ಅಲ್ಲೇ ದರ್ಜಿಯಾಗಿದ್ದ ವಿಜಿ ಅನ್ನೋ ಹೆಣ್ಣುಮಗಳು 'ಪೆಣ್‌ಕೂಟ್ಟು' ಅಂತ ಸಂಘ ಕಟ್ಟಿ, ಶೌಚಾಲಯಕ್ಕೆ ಹೋಗುವ ಹಕ್ಕಿಗಾಗಿ, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೇರಳ 2018ರಲ್ಲಿ ಕಾಯಿದೆ ತಿದ್ದಿ ಅಂಗಡಿಗಳಲ್ಲಿ ಆಸನ ಕೊಡಲೇಬೇಕು ಅಂತ ಮಾಡಿತು, 2021ರಲ್ಲಿ ತಮಿಳುನಾಡೂ ಮಾಡಿತು. ಎರಡೂ ನಮ್ಮ ಪಕ್ಕದ ರಾಜ್ಯಗಳು. ಫಿಲಿಪ್ಪೀನ್ಸಿನಲ್ಲಿ 2017ರಲ್ಲೇ ನಿಂತು ಮಾಡುವ ಕೆಲಸಕ್ಕೆ ವಿರಾಮ, ಆಸನ, ಒಂದು ಇಂಚಿಗಿಂತ ಎತ್ತರವಿಲ್ಲದ ಚಪ್ಪಲಿ ಅಂತ ಸರ್ಕಾರದ ಆದೇಶ ಬಂದಿದೆ. ನಮ್ಮ ದೇಶದಲ್ಲೇ ಆಕಾಶ ಏರ್‌ನವರು 2022ರಲ್ಲಿ ವಿಮಾನದ ಹುಡುಗಿಯರಿಗೆ ಸ್ನೀಕರ್ಸ್ ಕೊಟ್ಟೇ ಶುರು ಮಾಡಿದರು. ಹೀಲ್ಸ್ ಇಲ್ಲದೆ ವಿಮಾನವೇ ಹಾರುತ್ತದೆ, ಹೋಟೆಲ್ಲು ನಡೆಯುವುದಿಲ್ಲವಾ?

ಕೋಲಾರದ ಆ ಹುಡುಗಿ ಈಗ ಬೇರೆ ಊರಿನಲ್ಲಿ ಹೋಟೆಲ್ಲೊಂದರ ಫ್ರಂಟ್ ಆಫೀಸ್ ಮುಖ್ಯಸ್ಥೆ. ಹೋದ ವರ್ಷ ಸಿಕ್ಕಿದ್ದಳು, ಕಾಲಲ್ಲಿ ಹೀಲ್ಸ್ ಇತ್ತು, ಹಾಗೇ ಸದ್ದು ಮಾಡುತ್ತಾ ಬಂದಳು. ಅವಳ ಕೈಕೆಳಗಿನ ಹುಡುಗಿಯರಿಗೆ ಹೀಲ್ಸ್ ಕಡ್ಡಾಯ ಅನ್ನೋ ಸಾಲನ್ನು ತಾನೇ ಹೊಡೆದು ಹಾಕಿಸಿದೆ ಅಂದಳು. ಕೌಂಟರಿನ ಹಿಂದೆ ಎರಡು ಎತ್ತರದ ಸ್ಟೂಲ್ ಹಾಕಿಸಿದ್ದಾಳಂತೆ. ನಾನು ಅವಳನ್ನು ತಬ್ಬಿಕೊಂಡು ಬಿಟ್ಟೆ. ನಿನ್ನ ಮಗಳು ಬಂದ ಮೇಲೆ ಅವಳ ನಂಬರು ಕೊಡುತ್ತೇನೆ. ನಾನು ಹೇಳುವುದಕ್ಕಿಂತ ಅವಳು ಹೇಳಿದರೆ ಚೆನ್ನ.

ಶನಿವಾರ ರಾತ್ರಿ ಬಸ್ಸಿಗೆ ಹತ್ತಿಸು, ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ನಾನೇ ಬರುತ್ತೇನೆ. ಶೂ ಕೊಳ್ಳೋದಕ್ಕೆ ಮಾತ್ರ ಸಂಜೆ ಹೋಗುತ್ತೇವೆ ಅಂತ ಅವಳಿಗೆ ಹೇಳಿರು. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ಆಗ ಕಚ್ಚುತ್ತದೆ. ಮೂತಿ ಅಗಲ ಇರಬೇಕು, ಹಿಮ್ಮಡಿ ಕಡ್ಡಿಯ ಹಾಗಿರದೆ ದಪ್ಪ ಇರಬೇಕು, ಎರಡು ಇಂಚಿಗಿಂತ ಒಂದು ಕೂದಲೂ ಮೇಲೆ ಬೇಡ. ಜೊತೆಗೆ ಒಂದು ಚಪ್ಪಟೆ ಕಪ್ಪು ಶೂ ಕೂಡ ಕೊಳ್ಳುತ್ತೇವೆ, ಅದರ ದುಡ್ಡು ನನ್ನದು. ಅವಳು ಬರುವಾಗ ನಮ್ಮಮ್ಮನ ಹತ್ತಿರ ಒಂದು ಸೀಸೆ ಕೊಬ್ಬರಿ ಎಣ್ಣೆ ಇಸ್ಕೊಂಡು ಬರಲಿ, ಗಾಣದ್ದು.

ಇತಿ,
ನಿನ್ನ ಗೆಳತಿ