ಧಾರಾವಾಹಿ ಮದುವೆ: ಭಾನುವಾರದ ಮಾತುಕತೆ

ಎಲ್ಲರಿಗೂ ನಮಸ್ಕಾರ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ಈಗಷ್ಟೇ ಮೊದಲ ಕಂತಿನಿಂದ ನೋಡುತ್ತಿರುವ ಅಕ್ಕಂದಿರು ಗುಂಪಿನಲ್ಲಿದ್ದಾರೆ. ಯಾರ ಮದುವೆ ಯಾರ ಜೊತೆ ಆಯಿತು, ಯಾವುದು ಮುರಿಯಿತು ಎಂದು ಮೊದಲೇ ಬರೆದು ಅವರ ಖುಷಿ ಕೆಡಿಸಬೇಡಿ ಮಾರಾಯ್ರೆ.

ಭಾನುವಾರ ಸಂಜೆ ಈ ಧಾರಾವಾಹಿಯ ಊರು ದೇವೀಪುರದ ಪ್ರೀತಿಯ ಬಗ್ಗೆ ಮಾತಾಡುವ. ಕಂಠಿ ತಾನು ಬಡ್ಡಿಗೆ ಸಾಲ ಕೊಡುವ ಬಂಗಾರಮ್ಮನ ಮಗ ಎಂಬುದನ್ನೇ ಮುಚ್ಚಿಟ್ಟು ಪುಟ್ಟಕ್ಕನ ಮಗಳು ಸ್ನೇಹಾಳ ಹಿಂದೆ ಬಿದ್ದದ್ದು ಸರಿಯಾ? ಆಕೆಗೆ ಬಡ್ಡಿ ವ್ಯವಹಾರ ಕಂಡರಾಗದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ! ನನ್ನ ಮಟ್ಟಿಗೆ ಸ್ನೇಹಾಳ ಅಕ್ಕ ಸಹನಾ, ಮುರಳಿ ಮೇಷ್ಟ್ರ ಸದ್ದಿಲ್ಲದ ಪ್ರೀತಿಯೇ ಹೆಚ್ಚು ನಂಬುವ ಹಾಗಿದೆ. ಜಗಳ ಆಡುವವರು ಆಡಿ.

ಇನ್ನೊಂದು ವಿಷಯ. ಯಾವ ಧಾರಾವಾಹಿಯದ್ದೇ ಆಗಲಿ, ಬಲವಂತವಾಗಿ ತಾಳಿ ಕಟ್ಟುವ ತುಣುಕನ್ನು ಹೂವು, ಹೃದಯ ಹಾಕಿ ಇಲ್ಲಿ ಹಂಚುವುದು ಬೇಡ. ‘ತಾಳಿ ಬಿತ್ತು, ಇನ್ನೇನು ಮಾಡಲಿಕ್ಕುಂಟು’ ಎನ್ನುವ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ ಬಲವಂತದ ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದು. ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಈ ಸಲ ಮನೆಯಲ್ಲಿ ಮದುವೆ ಇರುವವರಿಗೆ: ಧಾರೆ ಎರೆದು, ಊಟ ಮುಗಿದು, ಚಪ್ಪರ ಬಿಚ್ಚಿದರೂ ನಮ್ಮ ಕಾಸರಗೋಡಿನಲ್ಲಿ ಒಂದು ಕೆಲಸ ಬಾಕಿ ಉಂಟು. ಕೇರಳದ 2008ರ ನಿಯಮದಂತೆ 45 ದಿನದೊಳಗೆ ಪಂಚಾಯತಿನಲ್ಲೋ ನಗರಸಭೆಯಲ್ಲೋ ನೋಂದಣಿಗೆ ಅರ್ಜಿ ಕೊಡಬೇಕು. (ಈ ಓಡಾಟವನ್ನು ಮಾತ್ರ ಯಾವ ಧಾರಾವಾಹಿಯೂ ತೋರಿಸುವುದಿಲ್ಲ.)

ಭಾನುವಾರ ಧ್ವನಿ ಸಂದೇಶ ಕಳಿಸುವವರು ದಯವಿಟ್ಟು ಎರಡು ನಿಮಿಷದೊಳಗೆ ಮುಗಿಸಿ.